ರಿಮೋಟು ಹೋಗಿ ಡಿಮೋಟು ಬಂತು

ಉಡುಪಿಯ ರಥಬೀದಿಯ ಸಮೀಪದ ಹೋಟೆಲಿನಲ್ಲಿ ಸಂಜೆಯ ಗೋಳಿಬಜೆ ಮೇಜಿಗೆ ಬರುವ ಮೊದಲೇ ನಿವೃತ್ತ ಬ್ಯಾಂಕ್ ಗುಮಾಸ್ತರಾದ ನಮ್ಮ ಪೈಗಳು ಘೋಷಿಸಿದರು: “ಮೊಮ್ಮಗ ಟಿವಿಯ ರಿಮೋಟು ಕಿತ್ತುಕೊಂಡಿದ್ದಾನೆ. ಮನೆಯಲ್ಲಿ ನಾನು ಡಿಮೋಟ್ ಆಗಿದ್ದೇನೆ.”

ಇಂಗ್ಲಿಷ್ ಮೇಷ್ಟರಾಗಿದ್ದ ರಾಯರಿಗೆ ಪೈಗಳ ಸಂಕಟಕ್ಕಿಂತ ಕ್ರಿಯಾಪದದ ಸಂಕಟವೇ ದೊಡ್ಡದಾಗಿ ಕಂಡಿತು. “ಡಿಮೋಟ್ ಮಾಡಬೇಕಾದರೆ ಮೊದಲು ಏಣಿ ಇರಬೇಕು. ಹವಾಲ್ದಾರನನ್ನು ಸಿಪಾಯಿ ಮಾಡಿದರೆ ಆ ಪದ ಸಲ್ಲುತ್ತದೆ. ಸೋಫಾದಲ್ಲಿ ಯಾವ ಏಣಿ? ಮಾನಕ್ಕೆ ಕುಂದು ಬಂದಿದ್ದರೆ ಡಿಮೀನ್ ಎನ್ನಿ.”

“ಮಾನಕ್ಕೇನೂ ಆಗಿಲ್ಲ ಮಾರಾಯರೇ, ಕ್ರಿಕೆಟ್ ಹೋಯಿತು.”

ಯಕ್ಷಗಾನಪ್ರಿಯರಾದ ಶೆಟ್ಟರು ನಡುವೆ ಬಂದರು. “ಕೋಡಂಗಿ, ಬಾಲಗೋಪಾಲ ಎಂದು ಹೊಸಬರ ವೇಷಗಳಲ್ಲಿ ಕುಣಿಯುತ್ತ ಮೇಲೇರಿ ಎರಡನೇ ವೇಷಧಾರಿಯಾದವನನ್ನು ಮತ್ತೆ ಬಾಲಗೋಪಾಲನಾಗಿ ಕುಣಿಸಿದರೆ?” ಅದಕ್ಕಿಂತ ಅಚ್ಚುಕಟ್ಟಾದ ಡಿಮೋಟ್ ಇಲ್ಲವೆಂದು ರಾಯರು ಒಪ್ಪಿದರು. ಎರಡನೆಯದೇ ಎಲ್ಲಕ್ಕಿಂತ ಹಿರಿಯ ವೇಷವಾಗುವುದು ಹೇಗೆಂಬ ಪೈಗಳ ತಕರಾರನ್ನು, ಮೊದಲನೆಯ ಸ್ಥಾನ ಹಾಡುತ್ತ ಆಟವನ್ನು ನಡೆಸುವ ಭಾಗವತರದೆಂದು ಹೇಳಿ ಶೆಟ್ಟರು ಅಲ್ಲಿಗೇ ಮುಗಿಸಿದರು.

ಗೋಳಿಬಜೆ ಬಂದ ಮೇಲೆ ರಾಯರಿಗೆ ಹುರುಪು ಹೆಚ್ಚಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದವರು ‘ಪ್ರೊಮೋಟ್’ ಎಂಬುದರ ತಲೆ ಕತ್ತರಿಸಿ, ಕೆಳಗೆ ಎಂಬರ್ಥದ ‘ಡಿ’ಯನ್ನು ಅಂಟಿಸಿ ಈ ಪದವನ್ನು ಮಾಡಿಕೊಂಡರೆಂದೂ, ಉಳಿದ ‘ಮೋಟ್’ ಲ್ಯಾಟಿನ್ನಿನಲ್ಲಿ ಚಲನೆಗೆ ಸಂಬಂಧಿಸಿದ್ದೆಂದೂ, ರಿಮೋಟಿನ ಬಾಲವೂ ಅದೇ ಎಂದೂ ವಿವರಿಸಿದರು. ಹೀಗೆ ಪೈಗಳ ಎರಡು ದುಃಖಗಳೂ ಒಂದೇ ಮೂಲದವೆಂದು ತಿಳಿದುಬಂತು. “ನಮ್ಮವರೂ ಅದನ್ನೇ ಮಾಡಿದ್ದಾರೆ. ಬಡ್ತಿ ಎಂದರೆ ಬೆಳೆಯುವುದು. ಅದಕ್ಕೆ ‘ಹಿಂ’ ಸೇರಿಸಿ ಹಿಂಬಡ್ತಿ ಎಂದರು. ಹಿಂದಕ್ಕೆ ಬೆಳೆಯುವುದು ಎಲ್ಲಾದರೂ ಉಂಟೇ?” ಶೆಟ್ಟರು ಉತ್ತರಿಸದೆ ರಾಯರ ಹಣೆಯನ್ನೇ ನೋಡಿದರು, ಅದು ನೆತ್ತಿಯನ್ನು ದಾಟಿ ಬಹಳ ವರ್ಷಗಳಾಗಿವೆ.

ನಾನು ಪ್ಲೂಟೋವನ್ನು ನೆನಪಿಸಿದೆ. 2006ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಖಗೋಳಜ್ಞರು ಅದನ್ನು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿ ಕುಬ್ಜಗ್ರಹವೆಂದು ಕರೆದರು. ಬೆನ್ನಿಗೇ ಇಂಗ್ಲಿಷಿನಲ್ಲಿ ‘ಪ್ಲೂಟೋ ಮಾಡು’ ಎಂಬ ಕ್ರಿಯಾಪದವೇ ಹುಟ್ಟಿ, ಅಮೆರಿಕನ್ ಡಯಲೆಕ್ಟ್ ಸೊಸೈಟಿ ಅದನ್ನು ಆ ವರ್ಷದ ಪದವೆಂದು ಆರಿಸಿತು.

ಪೈಗಳ ಮುಖ ಅರಳಿತು. “ಹಾಗಾದರೆ ನಾನು ಪ್ಲೂಟೋನೇ! ಅದು ಸುತ್ತುವ ದಾರಿ ಬದಲಾಗಲಿಲ್ಲ, ನನ್ನ ಕುರ್ಚಿಯೂ ಬದಲಾಗಿಲ್ಲ. ಚಲನೆಯೇ ಇಲ್ಲದ ಮೇಲೆ ಡಿಮೋಟ್ ಎಲ್ಲಿಯದು?” ರಾಯರು ಚಟ್ನಿಯಲ್ಲಿ ಅದ್ದಿದ ಗೋಳಿಬಜೆಯನ್ನು ಬಾಯಿಗಿಡದೆ ಯೋಚಿಸಿ, ವಾದದಲ್ಲಿ ಹುರುಳಿದೆಯೆಂದರು.

ಅಷ್ಟರಲ್ಲಿ ಪೈಗಳ ಫೋನ್ ಹೊಡೆದುಕೊಂಡಿತು. ಮೊಮ್ಮಗ. ರಿಮೋಟಿನ ಸೆಲ್ ಮುಗಿದಿದೆಯಂತೆ, ಬರುವಾಗ ಅಜ್ಜ ಎರಡು ಸಣ್ಣ ಸೆಲ್ ತರಬೇಕಂತೆ. ಪೈಗಳು ಅರ್ಧ ಕಾಫಿ ಬಿಟ್ಟು ಎದ್ದರು. ಇದು ಬಡ್ತಿಯೋ ಹಿಂಬಡ್ತಿಯೋ ಎಂದು ಶೆಟ್ಟರು ಕೇಳುವಷ್ಟರಲ್ಲಿ ಅವರು ಬಿಲ್ಲನ್ನು ರಾಯರ ಮುಂದಕ್ಕೆ ಪ್ರೊಮೋಟ್ ಮಾಡಿ ಹೊರಟುಹೋಗಿದ್ದರು.