ನಮ್ಮ ಸ್ಟೇಷನ್ನಿನ ಹೆಸರಿನಲ್ಲಿರುವ ಮನೆ ಯಾರದು?

ಮಕ್ಕಳ ಜೊತೆ ಶಾಂಘೈಗೆ ಬರುತ್ತಿದ್ದೇವೆ, ಅವರಿಗೆ ಊರು ಹೊಂದಿಕೊಳ್ಳುತ್ತಾ ಅಂತ ಕೇಳಿದ್ದೀರಲ್ಲ, ನಮ್ಮ ಮನೆಯ ಕಥೆ ಹೇಳುತ್ತೇನೆ.

ನಾವಿರುವುದು ಶೂಜಿಯಾಹುಯಿ ಹತ್ತಿರ. ಮೆಟ್ರೋದ 1, 9, 11ನೇ ಲೈನುಗಳು ಸೇರುವ ಜಾಗ, ಸುತ್ತ ಬರೀ ಮಾಲ್‌ಗಳು. ಎರಡು ವರ್ಷ ನಮಗದು ಸುಮ್ನೆ ಇಳಿದು ಹತ್ತುವ ಸ್ಟೇಷನ್. ಒಂದು ದಿನ ಮಗಳು ಬೋರ್ಡಿನ ಚೀನೀ ಅಕ್ಷರಗಳನ್ನು ಬಿಡಿಸಿ ಓದಿದಳು. "ಶೂ ಮನೆತನದ ಹೆಸರು, ಜಿಯಾ ಅಂದ್ರೆ ಮನೆ, ಹುಯಿ ಅಂದ್ರೆ ಸೇರೋದು. ಅಮ್ಮ, ಯಾರ ಮನೆ?"

ಉತ್ತರ ಮನೆ ಹತ್ತಿರದ ಗುವಾಂಗ್‌ಚಿ ಪಾರ್ಕಿನಲ್ಲೇ ಇತ್ತು. ಶೂ ಗುವಾಂಗ್‌ಚಿ (1562–1633) ಅವರ ಸಮಾಧಿ ಅಲ್ಲಿದೆ. ಚೀನಾವನ್ನು ಮಿಂಗ್ ಅರಸರು ಆಳುತ್ತಿದ್ದ ಕಾಲದ ದೊಡ್ಡ ವಿದ್ವಾಂಸರು. ಅವರ ಮನೆಯವರು ನೆಲೆಸಿದ್ದ, ಹೊಳೆಗಳು ಕೂಡುತ್ತಿದ್ದ ಜಾಗ ಇದು. ಆ ಹೊಳೆಗಳಲ್ಲೊಂದು ಈಗ ರಸ್ತೆಯಾಗಿದೆ, ಹೆಸರು ಮಾತ್ರ ಉಳಿದಿದೆ.

ಇಟಲಿಯ ಪಾದ್ರಿ ಮತ್ತೆಯೋ ರಿಚ್ಚಿ ಜೊತೆ ಕೂತು ಯೂಕ್ಲಿಡ್‌ನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಅವರು ಚೀನೀ ಭಾಷೆಗೆ ತಂದರು. ಅದು ಅಚ್ಚಾಗಿದ್ದು 1607ರಲ್ಲಿ. ಅದರಲ್ಲಿ ಬಳಸಿದ 'ಜಿಹೆ' ಅನ್ನುವ ಪದವನ್ನೇ ಇಲ್ಲಿನ ಮಕ್ಕಳು ರೇಖಾಗಣಿತಕ್ಕೆ ಇವತ್ತಿಗೂ ಹೇಳುತ್ತಾರೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಅವರ ಗೆಣಸಿನ ಕಥೆ. ತಂದೆ ತೀರಿಕೊಂಡಾಗ ಅವರು ಶಾಂಘೈಗೆ ವಾಪಸ್ ಬಂದಿದ್ದರು. ಆಗ ದಕ್ಷಿಣದ ಫೂಜಿಯಾನ್ ಕಡೆಯಿಂದ ಗೆಣಸು ತರಿಸಿ ಇಲ್ಲಿನ ಮಣ್ಣಿನಲ್ಲಿ ಬೆಳೆದು ನೋಡಿದರು. ಬೆಳೆ ಕೈಕೊಟ್ಟ ವರ್ಷ ಬಡವರ ಹೊಟ್ಟೆಗೆ ಇದಾದರೂ ಸಿಗಲಿ ಅಂತ. ಬೇಸಾಯದ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ ಅವರು ಹೋದ ಮೇಲೆ, 1639ರಲ್ಲಿ ಅಚ್ಚಾಯಿತು.

ಚಳಿಗಾಲದಲ್ಲಿ ಇಲ್ಲಿ ಬೀದಿ ಬದಿ ಕಬ್ಬಿಣದ ಡ್ರಮ್ಮಿನಲ್ಲಿ ಗೆಣಸು ಸುಡುತ್ತಾರೆ. ಸಿಪ್ಪೆ ಕಪ್ಪಗೆ, ಒಳಗೆ ಅರಿಶಿನ ಬಣ್ಣ, ಸುತ್ತ ಬೆಲ್ಲದ ಪಾಕದಂತೆ ಅಂಟು. ಅದನ್ನು ಊದಿ ಊದಿ ತಿನ್ನುತ್ತಾ ಮಗಳು, "ಇದು ಶೂ ತಾತನ ಗೆಣಸು" ಅಂದಳು. ನನ್ನ ಕಣ್ಣು ತುಂಬಿ ಬಂತು.

ಅಲ್ಲಿಯವರೆಗೆ ನಾವು ವಾರಕ್ಕೊಮ್ಮೆ ಕನ್ನಡ ಕಲಿಸಿ, ಈ ಊರನ್ನು ನಾಲ್ಕು ದಿನದ ತಂಗುದಾಣ ಅಂದುಕೊಂಡಿದ್ದೆವು. ತಪ್ಪು ಮಾಡಿದ್ದೆವು. ಕನ್ನಡ ಖಂಡಿತ ಕಲಿಸಿ. ಜೊತೆಗೆ ಮನೆ ಪಕ್ಕದ ಬೀದಿಯ ಕಥೆಯನ್ನೂ ಹೇಳಿ.

ಈ ಸಂಕ್ರಾಂತಿಗೆ ಗೆಣಸು, ಅವರೆಕಾಯಿ ಬೇಯಿಸಿದ್ದೆ. ಎದುರು ಮನೆಯ ಚೀನೀ ಅಜ್ಜಿಗೆ ಎಳ್ಳು-ಬೆಲ್ಲದ ಜೊತೆ ಗೆಣಸಿನ ತಟ್ಟೆಯನ್ನು ಮಗಳೇ ಕೊಟ್ಟು ಬಂದಳು.