ಸಹಾಯ ಬೇಕು: ಒಂದೇ ಫೈಲಿಗೆ ಎರಡು ಸರ್ವರ್‌ಗಳಿಂದ ಲಾಕ್ ಸಿಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಎರಡು ನೋಡ್‌ಗಳು (ಸರ್ವರ್‌ಗಳು) ಒಂದೇ ಜಿಎಫ್‌ಎಸ್2 (ಹಲವು ಸರ್ವರ್‌ಗಳು ಒಂದೇ ಡಿಸ್ಕನ್ನು ಒಟ್ಟಿಗೆ ಬಳಸಲು ಬಿಡುವ ಫೈಲ್ ಸಿಸ್ಟಮ್) ವಾಲ್ಯೂಮನ್ನು ಮೌಂಟ್ ಮಾಡಿಕೊಂಡಿವೆ. ಭಾರ ಹಂಚಿಹೋಗಲಿ ಎಂದು ಎರಡರಿಂದಲೂ ಅದನ್ನೇ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವ್ಯವಸ್ಥೆ) ಮೂಲಕ ಕೊಡುತ್ತಿದ್ದೆವು.

ಮೊನ್ನೆ ಲೆಕ್ಕದ ಒಂದು ಫೈಲನ್ನು ಇಬ್ಬರು ಬೇರೆ ಬೇರೆ ಸರ್ವರ್‌ಗಳ ಮೂಲಕ ತೆರೆದರು. ಒಂದು ಹೊತ್ತಿಗೆ ಒಬ್ಬರೇ ಬದಲಿಸುವಂತೆ ತಡೆಯಬೇಕಾದ ಲಾಕ್ ಇಬ್ಬರಿಗೂ ಸಿಕ್ಕಿತು! ಕೊನೆಗೆ ಸೇವ್ ಮಾಡಿದವರದ್ದಷ್ಟೇ ಉಳಿಯಿತು. ಇನ್ನೊಬ್ಬರು ಬೆಳಗಿನಿಂದ ಕೂತು ಸೇರಿಸಿದ ನಲವತ್ತು ಸಾಲು ಹೋಯಿತು. ಎರಡೂ ಕಡೆಯ ಲಾಗ್ ಜಾಲಾಡಿದೆ, ಒಂದೇ ಒಂದು ಎರರ್ ಇಲ್ಲ. ಇನ್ನೆಷ್ಟು ಫೈಲ್‌ಗಳಿಗೆ ಹೀಗಾಗಿದೆಯೋ ಎಂಬುದೇ ನನ್ನ ಭಯ.

ಮೌಂಟ್ ಮಾಡುವಾಗ 'ಲೋಕಲ್‌ಫ್ಲಾಕ್ಸ್' (ಲಾಕ್‌ಗಳನ್ನು ಆಯಾ ನೋಡ್‌ನೊಳಗೇ ಇಡುವ ಆಯ್ಕೆ) ಕೊಟ್ಟಿದ್ದೇವೆ. ಹಾಗಾಗಿ ಒಂದು ನೋಡ್ ಹಾಕಿದ ಲಾಕ್ ಇನ್ನೊಂದಕ್ಕೆ ಕಾಣುವುದೇ ಇಲ್ಲ. ಎನ್‌ಎಫ್‌ಎಸ್‌ಗೆ ಈ ಆಯ್ಕೆ ಬೇಕೇ ಬೇಕು ಎನ್ನುವ ರೆಡ್ ಹ್ಯಾಟ್ ಕೈಪಿಡಿಯೇ, ಒಂದು ಹೊತ್ತಿಗೆ ಒಂದೇ ನೋಡ್ ಹಂಚಬೇಕು ಎಂದೂ ಹೇಳುತ್ತದೆ. ಆ ಮಾತನ್ನು ನಾವು ಗಮನಿಸಲಿಲ್ಲ, ತಪ್ಪು ನಮ್ಮದೇ.

ಈಗ ಒಂದನ್ನು ಸ್ಟ್ಯಾಂಡ್‌ಬೈಗೆ ಇಟ್ಟು, ತೇಲುವ ಐಪಿ (ಕೆಲಸ ಮಾಡುತ್ತಿರುವ ನೋಡ್‌ಗೆ ತಾನೇ ಹೋಗುವ ವಿಳಾಸ) ಕೊಡುವ ಯೋಚನೆ ಇದೆ. ನೋಡ್ ಬದಲಾಗುವಾಗ ಕ್ಲೈಂಟ್‌ಗಳು ತಮ್ಮ ಲಾಕ್‌ಗಳನ್ನು ಸರಿಯಾಗಿ ಮರಳಿ ಪಡೆಯುತ್ತವೆಯೇ? ಅಥವಾ ಎನ್‌ಎಫ್‌ಎಸ್ ಬಿಟ್ಟು, ಸಿಟಿಡಿಬಿ (ಲಾಕ್ ಮಾಹಿತಿಯನ್ನು ಎಲ್ಲ ನೋಡ್‌ಗಳಿಗೂ ಹಂಚುವ ತಂತ್ರಾಂಶ) ಜೊತೆ ಸಾಂಬಾ ಎಂಬ ಇನ್ನೊಂದು ಫೈಲ್ ಹಂಚಿಕೆ ತಂತ್ರಾಂಶಕ್ಕೆ ಹೋಗುವುದು ಲೇಸೇ? ಇದನ್ನು ನಿಜವಾಗಿ ನಡೆಸಿದವರು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಎರಡನೇ ಸರ್ವರ್‌ನ ಹಂಚಿಕೆ ನಿಲ್ಲಿಸಿದ್ದೇನೆ.