ಹತ್ತೂವರೆ ಕಿಲೋ ಮಗ, ಸೋತ ಹೆಗಲು: ಯಾವ ಕ್ಯಾರಿಯರ್ ಕೊಳ್ಳಲಿ?

ಬೀದರ್‌ನಿಂದ ಒಬ್ಬ ತಾಯಿ:
ಮಗನಿಗೆ ಒಂದು ವರ್ಷ ನಾಲ್ಕು ತಿಂಗಳು, ತೂಕ ಹತ್ತೂವರೆ ಕಿಲೋ. ನಾಲ್ಕು ಹೆಜ್ಜೆ ಹಾಕಿ ಎತ್ತಿಕೋ ಎಂದು ಕೈ ಚಾಚುತ್ತಾನೆ. ತೊಟ್ಟಿಲಿಗೆ ಹಾಕಿದಾಗ ಉಡುಗೊರೆಯಾಗಿ ಬಂದ ಕ್ಯಾರಿಯರ್‌ನಲ್ಲಿ, ಅಂದರೆ ಮಗುವನ್ನು ಮೈಗೆ ಕಟ್ಟಿಕೊಂಡು ಹೊರುವ ಚೀಲದಲ್ಲಿ, ಈಗ ಅವನ ಕಾಲುಗಳು ಜೋತಾಡುತ್ತವೆ, ನನ್ನ ಹೆಗಲು ಬಿದ್ದುಹೋಗುತ್ತದೆ. ಹೋಳಿಯ ನಂತರ ಕಲಬುರಗಿಗೆ, ಶರಣಬಸವೇಶ್ವರ ಜಾತ್ರೆಗೆ ಬರುವವರಿದ್ದೇವೆ. ಬೆಳೆದ ಮಗುವಿಗೆ ಎಂಥದ್ದು ಸರಿ? ಬಳಸಿದವರು ಹೇಳಿ.

ಕಲಬುರಗಿಯಿಂದ, ಇಬ್ಬರು ಮಕ್ಕಳ ತಾಯಿ:
ಬಣ್ಣ, ಬೆಲೆ ನೋಡುವ ಮೊದಲು ಟೇಪು ಹಿಡಿಯಿರಿ. ಬಗಲಲ್ಲಿ ಕುಳಿತಾಗ ಕಾಲು ಅಗಲಿಸುತ್ತಾನಲ್ಲ, ಹಾಗೆ ಕೂರಿಸಿ, ಒಂದು ಮೊಣಕಾಲ ಹಿಂದಿನ ಮಡಿಕೆಯಿಂದ ಇನ್ನೊಂದರವರೆಗೆ ಕುಂಡೆಯ ಕೆಳಗಿನಿಂದ ಅಳೆಯಿರಿ. ಕೂರುವ ಬಟ್ಟೆಯ ಅಗಲ ಹೆಚ್ಚುಕಡಿಮೆ ಅಷ್ಟಿರಬೇಕು. ಕುಳಿತಾಗ ಮೊಣಕಾಲು ಕುಂಡೆಗಿಂತ ತುಸು ಮೇಲಿರಬೇಕು. ಬೆನ್ನಿನ ಬಟ್ಟೆ ಕಂಕುಳ ಮಟ್ಟಕ್ಕಾದರೂ ಬರಬೇಕು. ಅದಕ್ಕಿಂತ ಗಿಡ್ಡವಾದರೆ ಮಗು ಹಿಂದಕ್ಕೆ ವಾಲುತ್ತದೆ.

ನಾನು ಮೊದಲ ಸಲ ಪೆಟ್ಟಿಗೆಯ ಮೇಲಿದ್ದ ‘20 ಕಿಲೋ’ ನೋಡಿ ಮೋಸಹೋದೆ. ಹನ್ನೊಂದು ಕಿಲೋದ ಮಗಳಿಗೇ ಅದು ಗಿಡ್ಡವಾಯಿತು. ಹೊಲಿಗೆ ಎಷ್ಟು ಭಾರ ತಾಳುತ್ತದೆ ಎಂಬುದು ಒಂದು, ಮಗು ಅದರಲ್ಲಿ ಹಿಡಿಸುತ್ತದೆಯೇ ಎಂಬುದು ಇನ್ನೊಂದು.

ನಿಮ್ಮ ಹೆಗಲ ನೋವಿಗೆ ಸೊಂಟದ ಪಟ್ಟಿಯೇ ಮದ್ದು. ಅದು ಅಗಲವಾಗಿ, ಗಟ್ಟಿ ಮೆತ್ತೆಯದ್ದಾಗಿರಲಿ. ಮೊದಲು ಅದನ್ನು ಬಿಗಿದು ಆಮೇಲೆ ಹೆಗಲ ಪಟ್ಟಿ ಎಳೆಯಿರಿ, ಭಾರ ಸೊಂಟಕ್ಕೆ ಇಳಿಯುತ್ತದೆ. ಸೀರೆಯ ನೆರಿಗೆಯ ಮೇಲೆ ಪಟ್ಟಿ ಜಾರುತ್ತದೆ. ಜಾತ್ರೆಯ ದಿನ ಚೂಡಿದಾರ್ ಹಾಕಿಕೊಳ್ಳಿ, ಅತ್ತೆಯವರಿಗೆ ನಾನು ಹೇಳುತ್ತೇನೆ. ಈ ತೂಕಕ್ಕೆ ಬೆನ್ನ ಮೇಲೆ ಹೊರುವುದೇ ಹಗುರ. ಕಲಿಯುವಾಗ ಮಂಚದ ಅಂಚಿಗೆ ಕುಳಿತು, ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು ಕಲಿಯಿರಿ. ಬಕಲ್ ‘ಟಕ್’ ಎಂದ ಮೇಲೂ ಒಮ್ಮೆ ಜಗ್ಗಿ ನೋಡಿ.

ಯಾದಗಿರಿಯಿಂದ ಒಬ್ಬ ತಂದೆ:
ಮಗಳನ್ನು ಬೆನ್ನಿಗೆ ಹಾಕಿಕೊಂಡು ನಮ್ಮೂರ ಕೋಟೆ ಹತ್ತಿದೆ. ಅರ್ಧ ದಾರಿಗೆ ನನ್ನ ಬೆನ್ನು, ಅವಳ ಹೊಟ್ಟೆ ಎರಡೂ ತೊಯ್ದು ಅಂಗಿಗೆ ಅಂಗಿ ಅಂಟಿತು. ಒಳಗೆಲ್ಲ ಸ್ಪಂಜು ತುಂಬಿದ್ದು ನಮ್ಮ ಬಿಸಿಲಿಗೆ ಬೇಡ. ತೆಳು ಹತ್ತಿಯದ್ದು ಅಥವಾ ಜಾಲರಿಯದ್ದು ನೋಡಿ. ಗಂಡ ಹೆಂಡತಿ ಇಬ್ಬರೂ ಹೊರುವುದಾದರೆ ಪಟ್ಟಿಗಳು ಇಬ್ಬರ ಅಳತೆಗೂ ಹೊಂದಬೇಕು. ನನ್ನ ಹೊಟ್ಟೆಗೆ ಮೊದಲನೆಯದು ಸಾಲಲಿಲ್ಲ.

ಬಸವಕಲ್ಯಾಣದಿಂದ ಒಬ್ಬ ಅಜ್ಜಿ, ಸೊಸೆಯ ಮೊಬೈಲ್‌ನಿಂದ:
ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಕ್ಕಳನ್ನು ಮಲಗಿಸಿ ತೊಗರಿ ಹೊಲದಲ್ಲಿ ಕಳೆ ತೆಗೆದವರು ನಾವು. ಸೊಸೆ ಈ ಚೀಲ ತರಿಸಿದಾಗ ನಕ್ಕಿದ್ದೆ. ಈಗ ಮೊಮ್ಮಗನನ್ನು ಬೆನ್ನಿಗೆ ಹಾಕಿಕೊಂಡು ಅಂಗಳ ಗುಡಿಸುತ್ತೇನೆ. ರೊಟ್ಟಿ ಬಡಿಯಲು ಹೋದರೆ ಮಾತ್ರ ಸೊಸೆ ಬಿಡುವುದಿಲ್ಲ, ಹಿಂದಿನಿಂದ ಕೈ ಚಾಚಿ ಹೆಂಚು ಮುಟ್ಟುತ್ತಾನೆ ಎನ್ನುತ್ತಾಳೆ. ಅದು ಸರಿಯೇ.

ಕಲಬುರಗಿಯಿಂದ ಇನ್ನೊಬ್ಬರು:
ಯಾರೂ ಸ್ಕೂಟರ್ ಮಾತು ತೆಗೆಯಲಿಲ್ಲ. ಇದನ್ನು ಕಟ್ಟಿಕೊಂಡು ಗಾಡಿ ಏರಬೇಡಿ. ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷಾ ಪಟ್ಟಿ ಮತ್ತು ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು ಎಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಆ ಪಟ್ಟಿ ಬೇರೆ, ಈ ಚೀಲ ಬೇರೆ. ನೀವು ಬೀದರ್‌ನವರು, ಅದಕ್ಕೇ ಇನ್ನೊಂದು ಮಾತು: ಝರಣಿ ನರಸಿಂಹನ ಗುಹೆಯ ನೀರಿಗೂ ಇದನ್ನು ಕಟ್ಟಿಕೊಂಡು ಇಳಿಯಬೇಡಿ. ಕಾಲು ಜಾರಿದರೆ ಮಗುವನ್ನು ಮೇಲೆತ್ತಿ ಯಾರ ಕೈಗೂ ಕೊಡಲಾಗುವುದಿಲ್ಲ.

ಕೇಳಿದ ತಾಯಿ:
ಅಳೆದೆ. ಮಗನದು 38 ಸೆಂ.ಮೀ., ಹಳೆಯ ಚೀಲ 22! ಪಾಪ, ಇಷ್ಟು ದಿನ ಅವನು ಕುಳಿತಿರಲಿಲ್ಲ, ನೇತಾಡುತ್ತಿದ್ದ.

ಮೊದಲು ಉತ್ತರಿಸಿದವರು:
ಹಾಗಾದರೆ ಅಗಲ ಹೆಚ್ಚುಕಡಿಮೆ ಮಾಡಿಕೊಳ್ಳಲು ಬರುವಂಥದ್ದು ಕೊಳ್ಳಿ, ಇನ್ನೂ ಎರಡು ವರ್ಷ ಬಂದೀತು. ಅವಸರ ಬೇಡ, ಜಾತ್ರೆಗೆ ಎರಡು ದಿನ ಮೊದಲೇ ಬಂದು ನಮ್ಮ ಮನೆಯಲ್ಲಿರುವುದನ್ನು ಹಾಕಿ ಓಣಿಯಲ್ಲಿ ಅರ್ಧ ಗಂಟೆ ನಡೆದು ನೋಡಿ. ಮಗಳಿಗೆ ಈಗ ಮೂರು ವರ್ಷ. ಅದರಲ್ಲಿ ಗೊಂಬೆ ಹೊತ್ತು ತಿರುಗುತ್ತಾಳೆ. ನಿಮ್ಮ ಮಗನಿಗೆ ಬಿಟ್ಟುಕೊಡುವಂತೆ ಈಗಿನಿಂದಲೇ ಪುಸಲಾಯಿಸುತ್ತಿದ್ದೇನೆ.